ಪುಸ್ತಕ ನೋಡಿ ಹೊಲಿದ ಕೈಗವಸು

ಪಾಳೆಯಗಾರ ಕೆಂಚನಾಯಕರಿಗೆ ಗಿಡುಗ ಸಾಕುವ ಹುಚ್ಚು. ಗಿಡುಗ ಕೂರುವ ಕೈಗೆ ತೊಗಲಿನ ಗವಸು ಹೊಲಿಯಲೆಂದೇ ದುರುಗಪ್ಪನಿಗೆ ಅರಮನೆಯಲ್ಲಿ ಬಿಡಾರವಿತ್ತು.

"ಅವನ ಕಸುಬಿನ ಮಾತನ್ನೆಲ್ಲ ಬರೆದಿಟ್ಟರೆ ಯಾರು ಬೇಕಾದರೂ ಹೊಲಿಯಬಹುದು. ಆಮೇಲೆ ಅವನ್ಯಾಕೆ?" ಎಂದ ದಳವಾಯಿ ಸಂಗರಾಜಯ್ಯ.

"ಬರೆಯೋಕೆ ನಾನಿದ್ದೇನಲ್ಲ! ನನಗೆ ತಿಳಿಯದ ಮಾತು ಯಾವುದಿದೆ?" ಎಂದು ಎದೆ ತಟ್ಟಿಕೊಂಡ, ಆಸ್ಥಾನದ ಜಾಣ ಕೊಂಡಯ್ಯ. ಯಾರಾದರೂ ಹೊಗಳುತ್ತಾರೆಂದರೆ ಬಾವಿಗೂ ಧುಮುಕುವಂಥ ಜಾಣ.

ಎಂಟು ದಿನ ದುರುಗಪ್ಪನ ಎದುರು ಕೂತ, ಅವನ ರೊಟ್ಟಿಯನ್ನೇ ತಿಂದ. ಹದ, ಎಳೆತ, ತೊಗಲು ಕೊಯ್ಯುವ ರಂಪಿಗೆ, ಬೆರಳಸಂದಿನ ಪಟ್ಟಿ ಅಂತ ನೂರೆಂಟು ಮಾತು ಬರೆದ. ಒಂಬತ್ತನೆಯ ದಿನ ಹೋದರೆ ದುರುಗಪ್ಪ ಗಂಟು ಕಟ್ಟುತ್ತಿದ್ದಾನೆ!

"ಎಲ್ಲಿಗಯ್ಯ?"

"ಇನ್ನ ಪುಸ್ತಕ ಐತಲ್ಲ ಬುದ್ಧಿ. ನನಗ್ಯಾಕೆ ಬಿಡಾರ?"

ಕೊಂಡಯ್ಯನಿಗೆ ತಲೆ ಎತ್ತಲಾಗಲಿಲ್ಲ. 'ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಇವನ ರೊಟ್ಟಿ ತಿಂದು, ಉಂಡ ಮನೆಯ ಜಂತೆ ಎಣಿಸಿದೆನಲ್ಲ!' ಅಂದುಕೊಂಡು, ನೇರ ದಳವಾಯಿಯ ಬಳಿ ಓಡಿದ.

"ಸ್ವಾಮಿ, ಮೊದಲ ಗವಸು ನಾನೇ ಹೊಲಿಯುತ್ತೇನೆ, ತಮ್ಮ ಕೈಯಳತೆಗೆ."

ದಳವಾಯಿ ಉಬ್ಬಿಹೋಗಿ ಕೈ ಚಾಚಿದ.

ಪುಸ್ತಕದಲ್ಲಿ 'ನೆನೆಸು' ಎಂದಿತ್ತು, ಕೊಂಡಯ್ಯ ನೆನೆಸಿದ. 'ಹೊಲಿ' ಎಂದಿತ್ತು, ಹೊಲಿದ. ಎಷ್ಟು ಎಳೆಯಬೇಕು, ಎಷ್ಟು ಹೊತ್ತು ಆರಬೇಕು ಎಂದು ಬರೆದೇ ಇರಲಿಲ್ಲ. ಬೇಕೆಂದೇ ಕೆಡಿಸಬೇಕೆಂದು ಕೊಂಡಯ್ಯ ಹೊರಟಿದ್ದ. ಪಾಪ, ಆ ಕಷ್ಟವನ್ನೇ ಪಡಬೇಕಾಗಲಿಲ್ಲ.

ಒದ್ದೆ ಗವಸು ತೊಟ್ಟು ದಳವಾಯಿ ನಾಯಕರಿಗೆ ತೋರಿಸಲೆಂದು ಬಿಸಿಲಲ್ಲಿ ಕಾದ. ತೊಗಲು ಒಣಗಿ ಬಿಗಿಯಿತು. ಐದೂ ಬೆರಳು ಸೆಟೆದು ನಿಂತವು. ನಾಯಕರು ಬಂದರು. ದಳವಾಯಿ ಕೈಮುಗಿಯಲು ಹೋದರೆ ಕಪಾಳಕ್ಕೆ ಬಿಗಿಯುವವನಂತೆ ಕೈ ಎದ್ದಿತು.

"ಏನಯ್ಯ, ನನಗೇ ಹೊಡೆಯಲು ಬಂದೆಯಾ?"

"ಇಲ್ಲ ಮಹಾಪ್ರಭು! ಗವಸು ಬಿಡ್ತಾ ಇಲ್ಲ!"

ನಾಲ್ಕು ಜನ ಎಳೆದರು. ದಳವಾಯಿ ಕಿರುಚಿದನೇ ಹೊರತು ಗವಸು ಬರಲಿಲ್ಲ. ಗಂಟು ಹೊತ್ತು ಹೊರಟಿದ್ದ ದುರುಗಪ್ಪನನ್ನು ಬಾಗಿಲಿಂದ ಕರೆತಂದರು. ಅವನು ಉಗುರು ಬೆಚ್ಚಗಿನ ನೀರು ಸವರಿ, ಒಂದೊಂದೇ ಬೆರಳನ್ನು ಒತ್ತಿ ಸಡಿಲಿಸಿ, ಮೆಲ್ಲಗೆ ಬಿಡಿಸಿದ.

"ಕೊಂಡಯ್ಯ, ಇದು ಪುಸ್ತಕದ ಎಷ್ಟನೇ ಹಾಳೆಯಲ್ಲಿದೆ?" ಎಂದರು ನಾಯಕರು.

"ಎಲ್ಲೂ ಇಲ್ಲ ಪ್ರಭು. ಮಾತೆಲ್ಲ ನನ್ನ ಬಾಯಿಗೆ ಬಂತು, ಕೈಗೆ ಒಂದೂ ಬರಲಿಲ್ಲ. ಕಸುಬು ಇನ್ನೂ ದುರುಗಪ್ಪನ ಹತ್ತಿರವೇ ಇದೆ."

ನಾಯಕರು ನಕ್ಕರು. "ದುರುಗಪ್ಪ, ಗಂಟು ಬಿಚ್ಚು. ಬಿಡಾರ ನಿನ್ನದೇ. ಈ ಪುಸ್ತಕವನ್ನೇನು ಮಾಡೋಣ ಕೊಂಡಯ್ಯ?"

"ದುರುಗಪ್ಪನ ಕೈಯಲ್ಲಿ ಅದಕ್ಕೊಂದು ತೊಗಲಿನ ಹೊದಿಕೆ ಹಾಕಿಸಿ ಪ್ರಭು. ನಾನು ಬರೆದ ಪುಸ್ತಕ, ಹೊರಗಾದರೂ ಸರಿಯಾಗಿರಲಿ."