ಕಾಯುವ ಕಿಟಕಿ

"ಗುರುಗಳೇ, ಎಂದಿಗೂ ಮುಗಿಯದ ಪ್ರೋಗ್ರಾಂ ತಪ್ಪು ಪ್ರೋಗ್ರಾಂ ಅಲ್ಲವೇ?" ಎಂದು ಕೊಟ್ರೇಶ ಕೇಳಿದ. ಅವನು ಫಂಕ್ಷನಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತಿದ್ದ. ಕಂಪ್ಯೂಟರ್ ಪರದೆಯ ಮೇಲೆ ಒಂದು ಸಣ್ಣ ಕಿಟಕಿ ತೆರೆದು ಅದರಲ್ಲಿ ಚಿತ್ರ ಮೂಡಿಸುವ ಪಾಠ ಅಂದು ನಡೆದಿತ್ತು. ಇಂಥ ಪ್ರೋಗ್ರಾಂ ಮುಗಿಯಲೇಬಾರದು ಎಂದು ಗುರುಗಳು ಹೇಳಿದ್ದು ಅವನಿಗೆ ಒಪ್ಪಿಗೆಯಾಗಿರಲಿಲ್ಲ.

ಗುರುಗಳು ನಕ್ಕರು. "ಅಚ್ಚುಕಟ್ಟಿನ ಹುಚ್ಚು ನಿನಗೂ ಹಿಡಿಯಿತೋ? ಕೂತುಕೋ," ಎಂದು ಹೇಳತೊಡಗಿದರು.

ಒಬ್ಬ ಪ್ರೋಗ್ರಾಮರ್ ಇದ್ದ. ಫಂಕ್ಷನಲ್ ಭಾಷೆ ಎಂದರೆ ಅವನಿಗೆ ಪ್ರಾಣ. ಆ ಭಾಷೆಯಲ್ಲಿ ಒಂದು ಫಂಕ್ಷನ್ನಿಗೆ, ಅಂದರೆ ಲೆಕ್ಕ ಮಾಡಿ ಉತ್ತರ ಕೊಡುವ ಒಂದು ತುಣುಕಿಗೆ, ಏನು ಕೊಟ್ಟರೆ ಏನು ಬರುತ್ತದೆ ಎಂಬುದು ಮೊದಲೇ ಖಚಿತ. ಅದು ಹೊರಗಿನ ಯಾವುದನ್ನೂ ಮುಟ್ಟುವುದಿಲ್ಲ, ಯಾವುದನ್ನೂ ಕೆಡಿಸುವುದಿಲ್ಲ. ಉತ್ತರ ಕೊಟ್ಟು ಮುಗಿಯುತ್ತದೆ. ಉತ್ತರ ಕೊಡದೆ ನಡೆಯುತ್ತಲೇ ಇರುವ ಫಂಕ್ಷನ್ ಕಂಡರೆ ಅವನಿಗೆ ಮೈ ಉರಿಯುತ್ತಿತ್ತು.

ಅವನ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಮಾತು ನಿಂತಿತು. ಬಲಗೈ ಸ್ವಾಧೀನ ತಪ್ಪಿತು; ಎಡಗೈ ಮಾತ್ರ ನಿಧಾನವಾಗಿ ಏಳುತ್ತಿತ್ತು. ಅಪ್ಪನಿಗೆ ಏನು ಬೇಕು ಎಂಬುದು ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅಮ್ಮ ಊಹೆಯ ಮೇಲೆ ಗಂಜಿ ಕುಡಿಸುತ್ತಿದ್ದಳು, ಊಹೆಯ ಮೇಲೆ ಹೊದಿಸುತ್ತಿದ್ದಳು. ಅಪ್ಪ ಮುಖ ತಿರುಗಿಸುತ್ತಿದ್ದ. ಅದನ್ನು ನೋಡಲಾಗದೆ ಮಗ ಒಂದು ಕಿಟಕಿ ಕಟ್ಟಲು ಕುಳಿತ. ಅದರಲ್ಲಿ ನೀರು, ಹೊದಿಕೆ, ಫ್ಯಾನು, ಕಾಫಿ, ಹೀಗೆ ದೊಡ್ಡ ದೊಡ್ಡ ಚಿತ್ರಗಳು. ಅಪ್ಪ ಯಾವುದನ್ನು ಮುಟ್ಟಿದರೆ ಅದರ ಹೆಸರನ್ನು ಕಂಪ್ಯೂಟರ್ ಗಟ್ಟಿಯಾಗಿ ಹೇಳಬೇಕು.

ಬರೆದು ಮುಗಿಸಿ, ಕಂಪ್ಯೂಟರನ್ನು ಅಪ್ಪನ ಮುಂದಿಟ್ಟು ಪ್ರೋಗ್ರಾಂ ಚಾಲೂ ಮಾಡಿದ. ಕಿಟಕಿ ಮಿಂಚಿ ಮಾಯವಾಯಿತು. ಸಾಲು ಸಾಲಾಗಿ ಹುಡುಕಿದ. ಒಂದು ತಪ್ಪೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಕಿಟಕಿ ತೆರೆ ಎಂದಿದ್ದ, ತೆರೆಯಿತು. ಚಿತ್ರ ಬರೆ ಎಂದಿದ್ದ, ಬರೆಯಿತು. ಹೇಳಿದ ಕೆಲಸ ಮುಗಿದ ಮೇಲೆ ಪ್ರೋಗ್ರಾಂ ತನ್ನ ಪಾಡಿಗೆ ತಾನು ಹೊರಟುಹೋಯಿತು.

ಅವನು ಕೊನೆಯಲ್ಲಿ ಒಂದು ಸಾಲು ಸೇರಿಸಿದ: ಒಂದು ನಿಮಿಷ ಮಲಗು. ಈಗ ಕಿಟಕಿ ಮುಚ್ಚದೆ ನಿಂತಿತು. ಅಪ್ಪನ ಎಡಗೈ ಮೆಲ್ಲಗೆ ಎದ್ದಿತು, ಒಂದು ಚಿತ್ರದ ಅಂಚಿಗೆ ತಾಗಿತು. ಕಂಪ್ಯೂಟರ್ ತುಟಿ ಪಿಟಕ್ಕೆನ್ನಲಿಲ್ಲ. ನಿಮಿಷ ಕಳೆಯಿತು, ಕಿಟಕಿ ಮುಚ್ಚಿತು. ಅಪ್ಪನ ಬೆರಳು ಖಾಲಿ ಪರದೆಯ ಮೇಲೆಯೇ ಉಳಿಯಿತು.

"ಅವರು ಮುಟ್ಟಿದ್ದು ಅದಕ್ಕೆ ಗೊತ್ತಾಗ್ಲಿಲ್ವೇನೋ?" ಎಂದಳು ಅಮ್ಮ.

"ಮಲಗು ಅಂದಿದ್ನಲ್ಲಮ್ಮ, ಮಲಗಿತ್ತು," ಎಂದ ಮಗ. ಹೇಳಿದವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಆಮೇಲೆ ಅವನು ತನ್ನ ಮೈ ಉರಿಸುವಂಥದ್ದೇ ಒಂದು ಫಂಕ್ಷನ್ ಬರೆಯಲು ಕುಳಿತ. ಕಿಟಕಿಯ ಈಗಿನ ಸ್ಥಿತಿಯನ್ನು ತೆಗೆದುಕೋ, ಅದರಂತೆ ಚಿತ್ರ ಬರೆ, ಮುಟ್ಟುವವರೆಗೆ ಎಚ್ಚರವಾಗಿ ಕಾಯು, ಮುಟ್ಟಿದ್ದನ್ನು ಹೇಳು, ಹೊಸ ಸ್ಥಿತಿಯೊಂದಿಗೆ ನಿನ್ನನ್ನೇ ಮತ್ತೆ ಕರೆದು ಮೊದಲಿನಿಂದ ಶುರುಮಾಡು. ಅದಕ್ಕೆ ಕೊನೆಯೇ ಇರಲಿಲ್ಲ. ಬರೆಯುವಾಗ ಕೈ ಹಿಂಜರಿಯಿತು. ಆದರೂ ಬರೆದ.

ಅಪ್ಪನ ಕೈ ಎದ್ದಿತು, ಅರ್ಧಕ್ಕೇ ಸೋತು ಮಡಿಲಿಗೆ ಬಿತ್ತು. ಕಿಟಕಿ ಹಾಗೇ ಇತ್ತು. ದಣಿವಾರಿಸಿಕೊಂಡು ಕೈ ಮತ್ತೆ ಎದ್ದಿತು.

"ಕಾಫಿ," ಎಂದಿತು ಕಂಪ್ಯೂಟರ್.

ಅಪ್ಪ ಆಸ್ಪತ್ರೆಯಿಂದ ಬಂದಾಗಿನಿಂದ ಗಂಜಿಯನ್ನೇ ಕುಡಿಸುತ್ತಿದ್ದ ಅಮ್ಮ ಅಳುತ್ತಲೇ ನಕ್ಕಳು. ಕಾಫಿಯ ಚಿತ್ರದ ಸುತ್ತ ಒಂದು ಗೆರೆ ಮೂಡಿತು, ಕಿಟಕಿ ಮತ್ತೆ ಕಾಯತೊಡಗಿತು. ಅಪ್ಪ ಇನ್ನೊಮ್ಮೆ ಕೈಯೆತ್ತಿ ಅದನ್ನೇ ಮುಟ್ಟಿದ. ಅಮ್ಮ ಅಡುಗೆಮನೆಗೆ ಓಡಿದಳು.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶ ಬಿಡಲಿಲ್ಲ. "ಆದರೂ ಗುರುಗಳೇ, ಆ ಫಂಕ್ಷನ್ ಕೊನೆಗೂ ಯಾವ ಉತ್ತರವನ್ನೂ ಕೊಡಲಿಲ್ಲವಲ್ಲ?"

"ಉತ್ತರ ಕೊಡಬೇಕಾಗಿದ್ದವನು ಅಪ್ಪ ಕಣೋ; ಕೊಟ್ಟ."