ಎರಡನೇ ಸಲದ ಹೊಂಗೆ ಬೀಜ

ವರ್ಷಕ್ಕೆ ನೂರು ಬುಟ್ಟಿ ನೆಲ್ಲಿಕಾಯಿ ಕೊಡಬೇಕು, ಬದಲಿಗೆ ವರ್ಷವಿಡೀ ಉಪ್ಪಿನ ಮಣ್ಣು ನೆಕ್ಕಬಹುದು. ಹೊಳೆಯ ಈಚೆ ದಡದ ಒಂದು ಕಾಡಿಗೂ ಆಚೆ ದಡದ ಏಳು ಕಾಡುಗಳಿಗೂ ಇದ್ದ ಕರಾರು ಇಷ್ಟೇ. ನೆಲ್ಲಿಮರ ಈಚೆ, ಉಪ್ಪಿನ ನೆಲ ಆಚೆ. ನಡುವೆ ಹೊಳೆ ದಾಟಲು, ನೀರು ಮೊಣಕಾಲುದ್ದ ಇರುವ ಒಂದು ಕಡವು. ಬೆಳಗಾದರೆ ಅಲ್ಲಿ ಗೊರಸುಗಳ ಓಡಾಟ.

ಈಚೆ ಕಾಡಿನ ದುಂಡಪ್ಪನೆಂಬ ಮುಳ್ಳುಹಂದಿ ಆ ಕಡವನ್ನೇ ನಂಬಿ ಬದುಕಿದ್ದ. ಇಲ್ಲಿಂದ ಗೆಣಸು ಒಯ್ಯುತ್ತಿದ್ದ, ಅಲ್ಲಿಂದ ಉಪ್ಪಿನ ಹೆಂಟೆ ತರುತ್ತಿದ್ದ. ಕಾಲು ಕುಂಟಾದವರಿಗೆ, ಮರಿ ಹಾಕಿದವರಿಗೆ, ಹೊಳೆ ದಾಟಲಾರದವರಿಗೆಲ್ಲ ಅವನ ಹೆಂಟೆಯೇ ಗತಿ. ಹೆಂಟೆಗೆ ಎರಡು ಗೆಣಸು. ಚೌಕಾಸಿ ಮಾಡಿದವರಿಗೂ ಎರಡೇ.

ಒಂದು ವರ್ಷ ನೆಲ್ಲಿ ಕಡಿಮೆ ಬಿಟ್ಟಿತು. ನೂರು ಬುಟ್ಟಿ ತುಂಬಿಸುವಷ್ಟರಲ್ಲಿ ಎಲ್ಲರ ಬೆನ್ನು ಬಿದ್ದುಹೋಯಿತು. ಆಗ ಸೋಬಯ್ಯನೆಂಬ ನರಿ ಬಂಡೆ ಹತ್ತಿ ನಿಂತ.

"ನೂರು ಬುಟ್ಟಿ ಯಾಕ್ರಪ್ಪ ಆಚೆಗೆ ಹೋಗಬೇಕು? ಕರಾರು ಬಿಡೋಣ. ನೂರೂ ನಮ್ಮಲ್ಲೇ ಉಳಿಯುತ್ತೆ."

"ಉಪ್ಪು?" ಎಂದಳು ಹೊನ್ನಿ ಎಂಬ ಜಿಂಕೆ. ಅವಳು ಆಗ ಬಸುರಿ.

"ಉಪ್ಪು ಎಲ್ಲಿಗೆ ಹೋಗುತ್ತೆ ತಾಯಿ? ನಮ್ಮ ನೆಲ್ಲಿಕಾಯಿ ಬಾಯಿಗೆ ಬೀಳದಿದ್ದರೆ ಅವರಿಗೆ ಊಟ ಸೇರುತ್ತಾ? ಅವರೇ ಹೆಂಟೆ ಹೊತ್ತು ತಂದು ಕಡವಿನಲ್ಲಿ ಇಟ್ಟು ಹೋಗ್ತಾರೆ."

ಮಾತು ಕೇಳಲು ಹಿತವಾಗಿತ್ತು. ಆ ಕಾಡಿನಲ್ಲಿ ದೊಡ್ಡ ವಿಷಯ ಬಂದರೆ ತೀರ್ಮಾನಕ್ಕೆ ಒಂದು ಕ್ರಮವಿತ್ತು. ಎರಡು ಗುಂಡಿ ತೋಡುತ್ತಿದ್ದರು. ತಲೆಗೊಂದು ಹೊಂಗೆ ಬೀಜ. ಬೇಕೆನ್ನುವವರು ಬಲಗುಂಡಿಗೆ, ಬೇಡವೆನ್ನುವವರು ಎಡಗುಂಡಿಗೆ ಹಾಕುವುದು. ಎಣಿಸಿದ ಮೇಲೆ ಬೀಜಗಳನ್ನು ಅಲ್ಲೇ ಹೂಳಿ ಮಣ್ಣು ಮುಚ್ಚುವುದು. ಹೂತ ಬೀಜ ಕೆದಕುವಂತಿಲ್ಲ. ಕಾಡಿಗೆ ಹಿರಿಯಳಾದ ಕಾಡೆಮ್ಮೆ ದೊಡ್ಡಮ್ಮ ಮುಂದೆ ನಿಂತು ಎಣಿಸಿದಳು. ಕರಾರು ಬಿಡಬೇಕೆಂದವರು ಅರವತ್ತೆರಡು, ಬೇಡವೆಂದವರು ಐವತ್ತೆಂಟು. ಮಳೆಗಾಲ ಹಿಡಿಯುವ ದಿನ ಕರಾರು ಮುಗಿಯತಕ್ಕದ್ದು ಎಂದು ಸಾರಿ, ಗುಂಡಿ ಮುಚ್ಚಿದರು.

ದುಂಡಪ್ಪನ ಬೀಜ ಐವತ್ತೆಂಟರಲ್ಲಿತ್ತು. ಅತ್ತುಕೊಂಡು ಕೂರುವ ಪೈಕಿ ಅವನಲ್ಲ. ಮರುದಿನವೇ ಹೊಳೆ ದಾಟಿ, ಉಪ್ಪಿನ ನೆಲ ಕಾಯುವ ಕರಡಿ ಮಲ್ಲಜ್ಜನ ಹತ್ತಿರ ಹೋದ.

"ಅಜ್ಜಾ, ಕರಾರು ಬಿಟ್ಟ ಮೇಲೆ ಹೆಂಟೆಗೇನು ದರ?"

"ದರದ ಮಾತೇ ಇಲ್ಲ ದುಂಡಪ್ಪ. ಕರಾರು ಇಲ್ಲ ಅಂದ್ರೆ ಉಪ್ಪೂ ಇಲ್ಲ. ಹೊರಗಿನವರಿಗೆ ಕೊಟ್ಟರೆ ಏಳು ಕಾಡಿನವರೂ ನಾಳೆ ನನ್ನ ಹತ್ತಿರ ಬಿಟ್ಟಿ ಕೇಳ್ತಾರೆ."

"ನೆಲ್ಲಿಕಾಯಿ?"

"ಹುಣಸೆ ತಿಂತೀವಿ. ಬಾಯಿ ಹುಳಿಯಾದರೆ ಸಾಕು ತಾನೆ?"

ದುಂಡಪ್ಪ ಮರಳುವಾಗ ಕಡವಿನ ಪೊದೆಯ ಹಿಂದೆ ಏಡಿ ಚಿಪ್ಪುಗಳ ಗುಡ್ಡೆ ಕಂಡ. ಪಕ್ಕದಲ್ಲೇ ನರಿಯ ಹೆಜ್ಜೆ. ಗೊರಸುಗಳ ತುಳಿತವಿದ್ದರೆ ಏಡಿಗಳು ಕಡವಿಗೆ ಬರುವುದಿಲ್ಲ, ರಾತ್ರಿ ಒಂದೆರಡು ಬಂದರೆ ಹೆಚ್ಚು. ಓಡಾಟ ನಿಂತರೆ ಕಡವು ತುಂಬ ಏಡಿ. ಸೋಬಯ್ಯನಿಗೆ ಉಪ್ಪೂ ಬೇಡ, ನೆಲ್ಲಿಕಾಯಿಯೂ ಬೇಡ, ಏಡಿ ಬೇಕು ಎಂಬುದು ದುಂಡಪ್ಪನಿಗೆ ಆಗ ಹೊಳೆಯಿತು.

ಮಲ್ಲಜ್ಜನ ಮಾತು ಕಾಡಿಗೆಲ್ಲ ಹಬ್ಬಿತು. ಅಲ್ಲಿಂದ ಜಗಳ ಶುರು. ಅರ್ಧ ಕಾಡು ಇನ್ನೊಮ್ಮೆ ಬೀಜ ಹಾಕೋಣ ಎಂದಿತು, ಇನ್ನರ್ಧ ಆಗದು ಎಂದಿತು. ನೀರಿನ ಹೊಂಡದ ಆ ಮಗ್ಗುಲಲ್ಲಿ ಅವರು, ಈ ಮಗ್ಗುಲಲ್ಲಿ ಇವರು ನಿಂತು ನೀರು ಕುಡಿಯತೊಡಗಿದರು. ಕೊನೆಗೆ ದೊಡ್ಡಮ್ಮ ಎಲ್ಲರನ್ನೂ ಸೇರಿಸಿದಳು.

"ಉಪ್ಪು ಬರಲ್ಲ ಅಂತ ಆಗ ಯಾರೂ ಹೇಳಲಿಲ್ಲ. ಈಗ ಗೊತ್ತಾಗಿದೆ, ಈಗ ಕೇಳಿ," ಎಂದಳು ಹೊನ್ನಿ.

ಬೋರಯ್ಯನೆಂಬ ಕಾಡುಹಂದಿ ಮುಂದೆ ಬಂದ. ಅವನು ಕರಾರು ಬಿಡಬೇಕೆಂದ ಅರವತ್ತೆರಡರಲ್ಲಿ ಒಬ್ಬ, ಮನಸ್ಸಿನಲ್ಲಿ ಕಪಟವಿಲ್ಲದವನು. "ನೀವು ಗೆದ್ದಿದ್ದರೆ ನನಗೆ ಇನ್ನೊಂದು ಅವಕಾಶ ಕೊಡ್ತಿದ್ರಾ? ನಿಮಗೆ ಬೇಕಾದ ಉತ್ತರ ಬರೋ ತನಕ ಕೇಳ್ತಾನೇ ಇರೋದಾದರೆ ನಾವು ಬೀಜ ಹಾಕೋದು ಯಾಕೆ?"

ಅದು ಸರಿಯಾದ ಮಾತೇ. ದುಂಡಪ್ಪ ಅದನ್ನು ತಳ್ಳಿಹಾಕಲಿಲ್ಲ.

"ಬೋರಯ್ಯ, ನಾನು ವ್ಯಾಪಾರದವನು, ಅದರಲ್ಲೇ ಹೇಳ್ತೀನಿ. ಗೆಣಸು ಕೊಳ್ಳುವಾಗ ಮೊದಲು ಮಾದರಿ ತೋರಿಸ್ತಾರೆ. ನೋಡಿ ಒಪ್ಪಿ ಮಾತು ಕೊಡ್ತೀವಿ. ಆಮೇಲೆ ಚೀಲ ಬರುತ್ತೆ. ಚೀಲ ಬಿಚ್ಚಿ, ಮಾದರಿಗೂ ಮಾಲಿಗೂ ಹೊಂದುತ್ತಾ ನೋಡಿಯೇ ವ್ಯವಹಾರ ಮುಗಿಸೋದು. ಹಾಗೆ ನೋಡಿದರೆ ಕೊಟ್ಟ ಮಾತು ತಪ್ಪಿದ ಹಾಗಾ?"

"ಚೀಲ ನೋಡಿದ ಮೇಲೂ ಬಿಡೋಣ ಅಂತ್ಲೇ ಬಂದರೆ?"

"ಆಮೇಲೆ ನಾನು ತುಟಿ ಬಿಚ್ಚಲ್ಲ. ನನ್ನ ಗೆಣಸಿನ ಬಿಲ ಒತ್ತೆ ಇಡ್ತೀನಿ. ಮೂರನೇ ಸಲ ಕೇಳಿದರೆ ಬಿಲ ನಿಂದು."

ಬೋರಯ್ಯ ಯೋಚನೆಗೆ ಬಿದ್ದ. ಅವನು ಬಾಯಿ ತೆರೆಯುವ ಮೊದಲೇ ಸೋಬಯ್ಯ ಬಂಡೆ ಹತ್ತಿದ. "ಹೂತ ಬೀಜ ಹೂತದ್ದೇ. ಗೊತ್ತಿರಲಿಲ್ಲ ಅಂತ ಒಮ್ಮೆ ಒಪ್ಪಿಕೊಂಡರೆ ನಾಳೆ ಎಲ್ಲದಕ್ಕೂ ಗೊತ್ತಿರಲಿಲ್ಲ ಅಂತೀರಿ. ಕಾಡಿನ ಮಾತಿಗೆ ಬೆಲೆ ಬೇಡ್ವಾ?" ಅರವತ್ತೆರಡರ ಕಡೆಯವರು ಹೌದು ಹೌದು ಎಂದರು.

ದುಂಡಪ್ಪ ಅಲ್ಲಿಗೆ ಪಟ್ಟು ಸಡಿಲಿಸಿದ. "ಆಯ್ತು ಸೋಬಯ್ಯ, ಹೂತದ್ದೇ ಅಂತ ಇಟ್ಕೊಳ್ಳೋಣ. ಆದರೆ ಉಪ್ಪು ಬರುತ್ತೆ ಅಂದವನು ನೀನು. ಕಡವಿನ ಉಸ್ತುವಾರಿ ನಿನಗೇ ಇರಲಿ. ತಿಂಗಳಿಗೆ ನೂರು ಹೆಂಟೆ ಉಪ್ಪು ತಂದು ಕೊಡುವುದೂ ನಿನಗೇ ಇರಲಿ. ಕರಾರಿನಲ್ಲಿ ಅಲ್ಲ, ಕರಾರು ಬಿಟ್ಟ ಮೇಲೆ ಹೇಗೆ ಬರುತ್ತೋ ಹಾಗೆ. ಕೊರತೆ ಬಿದ್ದರೆ ಬೇರೆ ಎಲ್ಲಿಂದಾದರೂ ನೀನೇ ಹೊತ್ತು ತರಬೇಕು. ಇವತ್ತಿನಿಂದಲೇ ಶುರುವಾಗಲಿ. ದೊಡ್ಡಮ್ಮ, ಇದಕ್ಕೆ ಬೀಜ ಹಾಕಿಸಿ."

ವ್ಯಾಪಾರಿ ಏನನ್ನೂ ಮುಚ್ಚಿಡಲಿಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಸೋಬಯ್ಯನ ಕಿವಿಗೆ ಬಿದ್ದದ್ದು ಕಡವು ಎಂಬ ಮಾತು ಮಾತ್ರ. ಅವನ ಬಾಯಲ್ಲಿ ಆಗಲೇ ಏಡಿಯ ರುಚಿ. ಹೆಂಟೆ ವಿಷಯ ಆಮೇಲೆ ಮಾತಿನಲ್ಲಿ ಸುಧಾರಿಸಿದರಾಯಿತು ಎಂದುಕೊಂಡು ಎಲ್ಲರಿಗಿಂತ ಮೊದಲು ಬಲಗುಂಡಿಗೆ ಬೀಜ ಹಾಕಿದ. ನೂರಿಪ್ಪತ್ತು ಬೀಜವೂ ಅದೇ ಗುಂಡಿಗೆ ಬಿದ್ದವು. ದೊಡ್ಡಮ್ಮ ಮಣ್ಣು ಮುಚ್ಚಿಸಿದಳು.

ಮೊದಲ ವಾರ ಸೋಬಯ್ಯ ಕಡವಿನ ಓಡಾಟ ನಿಲ್ಲಿಸಿ ಏಡಿ ತಿಂದ. ಎರಡನೇ ವಾರ ದೊಡ್ಡಮ್ಮ ಹೆಂಟೆ ಎಲ್ಲಿ ಎಂದಳು. ಅವನು ಹೊಳೆ ದಾಟಿ ಮಲ್ಲಜ್ಜನ ಮುಂದೆ ಹಲ್ಲು ಗಿಂಜಿದ. ಮಲ್ಲಜ್ಜ ಮಾತಾಡದೆ ಒಂದು ಏಟು ಕೊಟ್ಟ. ಬೇರೆ ಉಪ್ಪಿನ ನೆಲವಿದ್ದದ್ದು ಮೂರು ಗುಡ್ಡದಾಚೆ. ಅಲ್ಲಿಗೆ ಹೋಗಿ ಬರಲು ನಾಲ್ಕು ದಿನ ಹಿಡಿಯಿತು. ಬಾಯಲ್ಲಿ ಕಚ್ಚಿ ತಂದದ್ದು ಒಂದೇ ಹೆಂಟೆ, ಅದೂ ಎಂಜಲಿಗೆ ಅರ್ಧ ಕರಗಿತ್ತು. ಇನ್ನು ತೊಂಬತ್ತೊಂಬತ್ತು ಬಾಕಿ.

ಅವನು ಕುಂಟುತ್ತ ಸಭೆಗೆ ಬಂದ. "ದೊಡ್ಡಮ್ಮ, ಈ ಕೆಲಸಕ್ಕೆ ಇನ್ನೊಮ್ಮೆ ಬೀಜ ಹಾಕಿಸಿ. ಇಷ್ಟು ಕಷ್ಟ ಅಂತ ನನಗೆ ಆಗ ಗೊತ್ತಿರಲಿಲ್ಲ."

ಮೊದಲು ನಕ್ಕವನು ಬೋರಯ್ಯ.

"ಹೂತ ಬೀಜ ಹೂತದ್ದೇ ಅಲ್ವೇನೋ ಸೋಬ?"

"ಅದು ಬೇರೆ ಬೋರಣ್ಣ. ಇದು ನನ್ನ ಬೆನ್ನಿನ ಪ್ರಶ್ನೆ."

"ಅದು ನನ್ನ ಹೊಟ್ಟೆಯಲ್ಲಿರೋ ಮರಿಯ ಪ್ರಶ್ನೆ," ಎಂದಳು ಹೊನ್ನಿ.

ದುಂಡಪ್ಪ ಮೆಲ್ಲಗೆ ಕೇಳಿದ: "ಗೊತ್ತಿರಲಿಲ್ಲ ಅಂದವರು ಇನ್ನೊಮ್ಮೆ ಕೇಳಬಹುದೋ ಬಾರದೋ, ನೀನೇ ಹೇಳಿಬಿಡು. ನಿನಗೂ ಅದೇ, ಅವಳಿಗೂ ಅದೇ."

ಸೋಬಯ್ಯ ಬಾರದು ಎಂದರೆ ತೊಂಬತ್ತೊಂಬತ್ತು ಹೆಂಟೆ ಹೊರಬೇಕು. ಬಹುದು ಎಂದರೆ ಕಡವು ಹೋಗುತ್ತದೆ. ಮೂರು ಗುಡ್ಡ ನೆನೆದು, "ಬಹುದು," ಎಂದ.

"ಹಾಗಾದರೆ ನನ್ನದೂ ಒಪ್ಪಿಗೆ," ಎಂದ ಬೋರಯ್ಯ. "ಆದರೆ ಇದೇ ಕೊನೆ. ದುಂಡಪ್ಪನ ಬಿಲ ಒತ್ತೆ ಇದೆ, ನೆನಪಿರಲಿ."

ಆ ಕರಗಿದ ಹೆಂಟೆಯನ್ನು ಎರಡು ಗುಂಡಿಗಳ ನಡುವೆ ಇಟ್ಟರು, ಪಕ್ಕದಲ್ಲಿ ಒಂದು ಬುಟ್ಟಿ ನೆಲ್ಲಿಕಾಯಿ. ಬಿಟ್ಟರೆ ಸಿಗುವುದು ಇದು, ಕೊಡಬೇಕಾದದ್ದು ಇದು ಎಂದು ದೊಡ್ಡಮ್ಮ ತೋರಿಸಿದಳು. ಎಲ್ಲರೂ ನೋಡಿ ಬೀಜ ಹಾಕಿದರು. ಕರಾರು ಉಳಿಯಲಿ ಎಂದವರು ಎಪ್ಪತ್ತೊಂದು, ಬಿಡೋಣ ಎಂದವರು ನಲವತ್ತೊಂಬತ್ತು. "ನೂರು ಬುಟ್ಟಿ ನನಗೆ ಇವತ್ತೂ ಹೆಚ್ಚೇ," ಎಂದು ಬೋರಯ್ಯ ಎಲ್ಲರೆದುರೇ ಬಿಡುವ ಗುಂಡಿಗೆ ಹಾಕಿದ್ದ. ಎಣಿಕೆಯಾದ ಮೇಲೆ ಅವನೇ ಮೂತಿಯಿಂದ ಮಣ್ಣು ತಳ್ಳಿ ಗುಂಡಿ ಮುಚ್ಚಿದ. ಆಮೇಲೆ ಹೊಂಡಕ್ಕೆ ಹೋಗಿ ಹೊನ್ನಿಯ ಪಕ್ಕದಲ್ಲೇ ನೀರು ಕುಡಿದ.

ಸೋಬಯ್ಯನ ಕೆಲಸಕ್ಕೂ ಬೀಜ ಹಾಕಿ ಹೆಂಟೆ ಹೊರುವುದನ್ನು ತಪ್ಪಿಸಿದರು, ಕಡವನ್ನೂ ಕಿತ್ತುಕೊಂಡರು.

ಮಲ್ಲಜ್ಜ ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಒಮ್ಮೆ ಬಿಡ್ತೀನಿ ಎಂದವರ ಮೇಲೆ ನಂಬಿಕೆ ಕಡಿಮೆ ಎಂದು ಹತ್ತು ಬುಟ್ಟಿ ಏರಿಸಿದ. ದುಂಡಪ್ಪ ಐದಕ್ಕೆ ಇಳಿಸಿಕೊಂಡು ಬಂದ. ಆ ಐದನ್ನು ವರ್ಷಾವರ್ಷ ತುಂಬಿ, ಗೊರಸುಗಳ ನಡುವೆ ಹಾದು, ಆಚೆ ದಡಕ್ಕೆ ಹೊತ್ತು ಹಾಕುವುದು ಸೋಬಯ್ಯನ ಪಾಲಿಗೆ ಬಿತ್ತು. ಕಡವಿನಲ್ಲಿ ಏಡಿಯ ಸುಳಿವಿರಲಿಲ್ಲ.

ಕೊನೆಯ ಲೆಕ್ಕ ಇಷ್ಟು. ಹೋದದ್ದು: ಐದು ಬುಟ್ಟಿ ಹೆಚ್ಚಿಗೆ, ಒಂದು ಬೇಸಿಗೆಯ ನೆಮ್ಮದಿ. ಉಳಿದದ್ದು: ಕಡವು, ಉಪ್ಪು, ದುಂಡಪ್ಪನ ಬಿಲ. ಹೊಸದಾಗಿ ಬಂದದ್ದು: ಹೊನ್ನಿಯ ಎರಡು ಮರಿ.

ನೀತಿ: ಮಾದರಿ ನೋಡಿ ಕೊಟ್ಟ ಮಾತನ್ನು ಮಾಲು ಕಂಡ ಮೇಲೆ ಒಮ್ಮೆ ಪರೀಕ್ಷಿಸುವುದು ತಪ್ಪಲ್ಲ, ಇನ್ನೊಬ್ಬರಿಗೆ ಆ ಅವಕಾಶ ಬೇಡವೆನ್ನುವವನು ತನಗೂ ಅದು ಸಿಗದೆಂದು ತಿಳಿದಿರಬೇಕು.