ದುಂಡಪ್ಪನ ಗಟ್ಟಿ ಎದೆ

ಮಿಠಾಯಿ ಅಂಗಡಿಯ ಹಿಂದಿನ ಬಿಲದಲ್ಲಿದ್ದ ದುಂಡಪ್ಪನೆಂಬ ಹೆಗ್ಗಣಕ್ಕೆ ತುಪ್ಪ ಸೋರುವ ಮೈಸೂರು ಪಾಕೇ ಮೂರು ಹೊತ್ತಿನ ಊಟ. ಅವನ ಅಪ್ಪ, ಅಣ್ಣ ಇಬ್ಬರೂ ಹೃದಯಾಘಾತದಿಂದಲೇ ಸತ್ತಿದ್ದರು. ಆದ್ದರಿಂದ ವೈದ್ಯ ಆಮೆ ರಕ್ತ ಪರೀಕ್ಷಿಸಿ, ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯನ್ನು ದಿನವೂ ನುಂಗಲು ಹೇಳಿತು. ದುಂಡಪ್ಪ ವರ್ಷಗಟ್ಟಲೆ ನುಂಗಿದ. ಒಂದು ದಿನ ಆಮೆಯ ಮುಂದೆ ಬಂದು ನಿಂತ.

“ವೈದ್ಯರೇ, ಇಷ್ಟು ವರ್ಷ ನುಂಗಿದ್ದಕ್ಕೆ ನನಗೇನಾಯಿತು?”

“ಏನೂ ಆಗಲಿಲ್ಲ.”

“ನೋಡಿ, ನೀವೇ ಒಪ್ಪಿಕೊಂಡಿರಿ!”

“ಅಯ್ಯಾ, ಏನೂ ಆಗದಿರಲಿ ಎಂದೇ ಕೊಟ್ಟದ್ದು.”

“ಅದು ಮಾತ್ರೆಯ ಮಹಿಮೆಯಲ್ಲ, ನನ್ನ ಗಟ್ಟಿ ಎದೆಯ ಮಹಿಮೆ” ಎಂದ ದುಂಡಪ್ಪ, ಉಳಿದ ಮಾತ್ರೆಗಳನ್ನು ಚರಂಡಿಗೆ ಎಸೆದ. ಬಂಧುಗಳನ್ನೆಲ್ಲ ಕರೆದು, ಔಷಧಿಯ ಮೋಸದ ಬಗ್ಗೆ ಭಾಷಣವನ್ನೂ ಬಿಗಿದ. ಕೆಲವರು ಚಪ್ಪಾಳೆ ತಟ್ಟಿ ತಮ್ಮ ಮಾತ್ರೆಗಳನ್ನೂ ಎಸೆದರು.

ಮುಂದಿನ ದೀಪಾವಳಿಗೆ ದುಂಡಪ್ಪ ಮೈಸೂರು ಪಾಕ್ ತಿನ್ನುತ್ತಿದ್ದಂತೆಯೇ ಎದೆ ಹಿಡಿದುಕೊಂಡು ಉರುಳಿದ. ಹೆಂಡತಿ ಅಳುತ್ತಾ ಆಮೆಯನ್ನು ಕರೆತಂದಳು. ಆಮೆ ನಾಡಿ ಹಿಡಿಯುವಷ್ಟರಲ್ಲಿ ದುಂಡಪ್ಪ ಏದುಸಿರು ಬಿಡುತ್ತಾ ಹೇಳಿದ:

“ಈಗಲಾದರೂ ಒಪ್ಪುತ್ತೀರಾ, ವೈದ್ಯರೇ? ಅಷ್ಟು ವರ್ಷ ನುಂಗಿದರೂ ಕೊನೆಗೆ ಆಗುವುದು ಆಯಿತಲ್ಲ!”

ಆಮೆ ಉತ್ತರ ಕೊಡುವ ಮೊದಲೇ, ವಾದ ಗೆದ್ದ ಸಮಾಧಾನದಿಂದ ಅವನು ಕಣ್ಣು ಮುಚ್ಚಿದ.